ಎರಡು ಹಾಳೆಯ ಶಿಫಾರಸು

ಅವತ್ತು ದಂತ ವಿಭಾಗದ ಕೋಣೆಯಲ್ಲಿ ನಾಲ್ಕು ಜನ ಇದ್ದೆವು. ಮೇಜಿನ ಹಿಂದೆ ನಾನು. ಎದುರಿನ ಸ್ಟೂಲಿನ ಮೇಲೆ ನನ್ನ ಕೈಕೆಳಗಿನ ವೈದ್ಯೆ ರೇಣುಕಾ, ಮಡಿಲಲ್ಲಿ ಪ್ಲಾಸ್ಟಿಕ್ ಫೈಲು ಇಟ್ಟುಕೊಂಡು. ಬಾಗಿಲ ಚೌಕಟ್ಟಿಗೆ ಆತು ನಿಂತವರು ಆಸ್ಪತ್ರೆಯ ಗುಮಾಸ್ತ ಖಾಜಾಸಾಬ. ಇನ್ನು ರೋಗಿಗಳ ಕುರ್ಚಿಯಲ್ಲಿ, ರೋಗಿಗಳಿಲ್ಲದ ಹೊತ್ತು ಅದು ತನ್ನ ಮನೆಯ ಮಂಚ ಎಂಬಂತೆ ಕಾಲು ಚಾಚಿಕೊಂಡವನು ಅಟೆಂಡರ್ ಬಸಪ್ಪ. ಮಧ್ಯಾಹ್ನದ ಊಟ ಮುಗಿದಿತ್ತು. ಕರೆಂಟು ಹೋಗಿತ್ತು. ನಾನು ಬರೆದ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ಎಲ್ಲರಿಗೂ ಓದಿ ಹೇಳುತ್ತಿದ್ದೆ.

ಸಂಗತಿ ಇಷ್ಟು. ವಕ್ರ ಹಲ್ಲುಗಳನ್ನು ಸಾಲಿಗೆ ತರುವ ವಿದ್ಯೆಗೆ ಆರ್ಥೊಡಾಂಟಿಕ್ಸ್ ಎನ್ನುತ್ತಾರೆ. ಅದರಲ್ಲಿ ಎಂ.ಡಿ.ಎಸ್. ಎಂಬ ಸ್ನಾತಕೋತ್ತರ ಪದವಿ ಮಾಡುವ ಅವಕಾಶ ರೇಣುಕಾಳ ಹೊಸ್ತಿಲವರೆಗೆ ಬಂದು ನಿಂತಿತ್ತು. ನೀಟ್ ಪರೀಕ್ಷೆಯಲ್ಲಿ ಅವಳಿಗೆ ಬಂದ ರ‍್ಯಾಂಕು ಸಾಮಾನ್ಯ ಪಟ್ಟಿಯಲ್ಲಿ ಆ ಸೀಟಿಗೆ ಸಾಲದು. ಸರ್ಕಾರಿ ಸೇವೆಯಲ್ಲಿ ಇರುವವರಿಗೆಂದು ತೆಗೆದಿಟ್ಟ ಪಾಲಿನಲ್ಲಿ ಸಾಲುತ್ತಿತ್ತು. ಆ ಪಾಲು ಸಿಗಬೇಕಾದರೆ ಮೇಲಿನ ಕಚೇರಿಯವರು ‘ಇವರನ್ನು ಬಿಟ್ಟುಕೊಡಲು ನಮ್ಮ ಅಡ್ಡಿಯಿಲ್ಲ’ ಎಂದು ಪತ್ರ ಕೊಡಬೇಕು. ಆ ಪತ್ರ ಹುಟ್ಟಬೇಕಾದರೆ ವಿಭಾಗದ ಮುಖ್ಯಸ್ಥೆಯಾದ ನಾನು ಶಿಫಾರಸು ಬರೆಯಬೇಕು. ವಯಸ್ಸಿನ ಮಿತಿಯ ಪ್ರಕಾರ ಅವಳಿಗೆ ಅದೇ ಕೊನೆಯ ವರ್ಷ. ಬೆಂಗಳೂರಿನಲ್ಲಿ ದಾಖಲೆ ತಪಾಸಣೆಗೆ ಹನ್ನೆರಡು ದಿನ ಉಳಿದಿತ್ತು.

ನಮೂನೆಯಲ್ಲಿ ನನ್ನ ಅಭಿಪ್ರಾಯಕ್ಕೆ ನಾಲ್ಕು ಗೆರೆ ಬಿಟ್ಟಿದ್ದರು. ನಾನು ಅಲ್ಲಿ ‘ಪ್ರತ್ಯೇಕ ಹಾಳೆ ಲಗತ್ತಿಸಿದೆ’ ಎಂದು ಬರೆದು ಎರಡು ಹಾಳೆ ತುಂಬಿಸಿದ್ದೆ.

“‘ಈ ವಿಭಾಗ ಇಂದು ನಿಂತಿರುವುದು ಡಾ. ರೇಣುಕಾ ಅವರ ಎರಡು ಕೈಗಳ ಮೇಲೆ. ಸುತ್ತಣ ಹಳ್ಳಿಗಳ ಮಕ್ಕಳು ನನ್ನ ಹೆಸರು ಕೇಳಿಕೊಂಡು ಬರುವುದಿಲ್ಲ, ಅವರ ಹೆಸರು ಕೇಳಿಕೊಂಡು ಬರುತ್ತಾರೆ. ಅವರಿಲ್ಲದೆ ಈ ವಿಭಾಗ ಒಂದು ದಿನವೂ ನಡೆಯಲಾರದು…’”

“ಸಾಕ್ರಿ ಮೇಡಂ,” ಎಂದಳು ರೇಣುಕಾ.

“ಸುಮ್ಕಿರವ್ವಾ. ಇನ್ನೂ ಒಂದು ಹಾಳಿ ಐತಿ.”

ಕುರ್ಚಿಯಲ್ಲಿದ್ದ ಬಸಪ್ಪ ಕಣ್ಣು ತೆರೆಯದೆ ಹೇಳಿದ: “ಮೇಡಂ, ನಾ ರಿಟೈರ್ ಆಗು ಮುಂದ ನನಗೂ ಇಂಥಾದ್ದೊಂದು ಬರಕೊಡ್ರಿ. ಕಚೇರಿಗಿ ಕೊಡಂಗಿಲ್ಲ. ನನ್ನ ಹೆಣ್ತಿಗಿ ಓದಿ ಹೇಳ್ತೀನಿ.”

ಖಾಜಾಸಾಬ ಮಾತ್ರ ನಗಲಿಲ್ಲ. ಮೂವತ್ತು ವರ್ಷ ಫೈಲುಗಳ ನಡುವೆ ಬಾಳಿದ ಮನುಷ್ಯ. “ಬರವಣಿಗಿ ಭಾಳ ಛಲೋ ಐತ್ರಿ. ಆದ್ರ ಸರ್ಕಾರಿ ಕಾಗದದಾಗ ಮನಸ್ಸು ಬಿಚ್ಚಬಾರದ್ರಿ ಮೇಡಂ. ‘ಸೇವೆ ತೃಪ್ತಿಕರ. ಬದಲಿ ವ್ಯವಸ್ಥೆ ಮಾಡಿಕೊಳ್ಳಲಾಗುವುದು.’ ಇಷ್ಟ ಹಾಕ್ರಿ. ಮುಗೀತು.”

“ತೃಪ್ತಿಕರ ಅಂದ್ರ ಏನ್ರಿ ಖಾಜಾಸಾಬ? ಅದು ದನದ ಡಾಕ್ಟರು ಸಾಲಕ್ಕ ಎಮ್ಮಿ ಪಾಸು ಮಾಡೋವಾಗ ಬರಿಯೋ ಮಾತು.”

“ಅದಕ್ಕ ಹೇಳಿದೆ. ಎಮ್ಮಿ ಪಾಸಾಗ್ತತಿ.”

ನಾನು ಕೇಳಲಿಲ್ಲ. ಸಹಿ ಮಾಡಿ, ಸೀಲು ಒತ್ತಿ, ಎರಡೂ ಹಾಳೆಯನ್ನು ನಮೂನೆಗೆ ಪಿನ್ನು ಚುಚ್ಚಿ ಅವರ ಕೈಗಿಟ್ಟೆ.

ಹಲ್ಲಿನ ಡಾಕ್ಟರಿಕೆಗೆ ಅರ್ಜಿ ಹಾಕಲು ಹೊರಟ ಹುಡುಗ ಹುಡುಗಿಯರು ಈಗಲೂ ಗಂಗಾವತಿಯ ನಮ್ಮ ಮನೆಗೆ ಬರುತ್ತಾರೆ. ಯಾವ ಕಾಲೇಜು ಒಳ್ಳೆಯದು, ಮುಂದೆ ಯಾವ ವಿಭಾಗ ಹಿಡಿಯಬೇಕು ಎಂದು ಕೇಳುತ್ತಾರೆ. ಈಗಿನ ಕಾಲೇಜುಗಳ ವಿಚಾರ ನನಗೆ ತಿಳಿಯದು. ನನಗೆ ತಿಳಿದಿರುವುದು ಆ ಎರಡು ಹಾಳೆಯ ಕಥೆ. ಅದನ್ನು ನೆಟ್ಟಗೆ ಹೇಳಿದರೆ ಚಹಾ ಆರುವುದರೊಳಗೆ ಮುಗಿಯುತ್ತದೆ. ನನಗೆ ನೆಟ್ಟಗೆ ಹೇಳುವ ಅಭ್ಯಾಸವಿಲ್ಲ. ಊರಿನ ಹೆಸರು, ಕಚೇರಿಯ ಹೆಸರು ಹೇಳುವುದಿಲ್ಲ. ಕುಷ್ಟಗಿ, ಯಲಬುರ್ಗಾದ ಸೀಮೆಯಲ್ಲಿ ಒಂದು ಸರ್ಕಾರಿ ದವಾಖಾನೆ ಎಂದುಕೊಳ್ಳಿ, ಸಾಕು.

ನಮ್ಮ ಮನೆಮಾತು ದಖನಿ ಉರ್ದು. ಅಬ್ಬಾಗೆ ಗಂಗಾವತಿ ಬಜಾರಿನಲ್ಲಿ ತಗಡಿನ ಟ್ರಂಕು ಮಾಡುವ ಅಂಗಡಿ. ಅಕ್ಕಿ ಗಿರಣಿಯ ಹಮಾಲರು, ಮದುವೆ ಮನೆಯವರು, ಹಾಸ್ಟೆಲಿಗೆ ಹೋಗುವ ಹುಡುಗರು ಎಲ್ಲ ಗಿರಾಕಿಗಳು. ಕನ್ನಡ ನನಗೆ ಬಂದದ್ದು ಪಕ್ಕದ ಮನೆಯ ಗೌರಜ್ಜಿಯ ಕಟ್ಟೆಯ ಮೇಲೆ. ಅಜ್ಜಿ ಜೋಳ ಕೇರುತ್ತ ಮಾತಾಡುತ್ತಿದ್ದಳು, ನಾನು ಕಲ್ಲು ಆರಿಸುತ್ತ ಕೇಳುತ್ತಿದ್ದೆ. ಅವಳು ಬೈದರೆ ಬೈಸಿಕೊಂಡವರ ಸತ್ತ ಹಿರಿಯರೂ ಎದ್ದು ಕೂರಬೇಕು, ಹೊಗಳಿದರೆ ಕೇಳಿದವರಿಗೇ ಹೊಟ್ಟೆ ತುಂಬಬೇಕು. ಒಮ್ಮೆ ಓಣಿಯ ಒಂದು ಹುಡುಗಿಯ ಬಗ್ಗೆ ಬೀಗರು ವಿಚಾರಿಸಲು ಬಂದಾಗ ನಮ್ಮಮ್ಮ “ಛಲೋ ಅದಾಳ್ರಿ” ಎಂದಷ್ಟೇ ಹೇಳಿದಳು. ಅವರು ಹೋದ ಮೇಲೆ ಅಜ್ಜಿ ಅಮ್ಮನನ್ನು ಗದರಿದಳು. “ಅಷ್ಟ ಅಂದ್ರ ಏನೋ ಮುಚ್ಚಿಡಾಕತ್ಯಾರ ಅಂತ ತಿಳೀತಾರ. ಹೊಗಳಿದ್ರ ಸೇರು ತುಂಬಿ ಮ್ಯಾಲ ಗೋಪುರ ಏಳಬೇಕು, ತಿಳೀತಾ?” ಅಮ್ಮನಿಗೆ ತಿಳಿಯಿತೋ ಇಲ್ಲವೋ, ನನಗಂತೂ ತಿಳಿಯಿತು. ಜೀವಮಾನವಿಡೀ ಹಾಗೆಯೇ ಅಳೆದೆ.

ತಂತಿ ಬಗ್ಗಿಸುವುದನ್ನು ಕಲಿತದ್ದು ಅಬ್ಬಾನಿಂದ. ಟ್ರಂಕಿನ ಹಿಡಿಕೆಗೆ ದಪ್ಪ ತಂತಿ ಬೇಕು. “ತಾರ್ ಕು ಗುಸ್ಸೇ ಸೇ ನಕ್ಕೋ ಮೋಡ್ ಬೇಟಿ,” ಎನ್ನುತ್ತಿದ್ದರು. ಸಿಟ್ಟಿನಿಂದ ತಂತಿ ಬಗ್ಗಿಸಬೇಡ ಮಗಳೇ, ಹಾಗೆ ಬಗ್ಗಿಸಿದ ತಂತಿ ಆ ಸಿಟ್ಟನ್ನು ಮರೆಯುವುದಿಲ್ಲ, ಪೆಟ್ಟಿಗೆ ಎತ್ತಿದವನ ಕೈಗೆ ಚುಚ್ಚುತ್ತಲೇ ಇರುತ್ತದೆ ಎಂದು ಅದರ ಅರ್ಥ.

ದಂತ ವೈದ್ಯಕೀಯಕ್ಕೆ ನಾನು ಅರ್ಜಿ ಹಾಕಿದ್ದು ಆಸೆಪಟ್ಟಲ್ಲ. ದೊಡ್ಡ ಡಾಕ್ಟರಿಕೆಗೆ ಅಂಕ ಸಾಲಲಿಲ್ಲ, ಅಷ್ಟೆ. ಸೀಟು ಸಿಕ್ಕ ಸುದ್ದಿ ಬಜಾರಿಗೆ ಹರಡಿದಾಗ ಹಮಾಲ ಹುಸೇನಿ ಕಾಕಾ ಅಂಗಡಿಯ ಮುಂದೆ ನಿಂತು ಅಬ್ಬಾನನ್ನು ಕೇಳಿದ: “ಹಲ್ಲು ಕೀಳಾಕ ಐದು ವರ್ಷ ಯಾಕ ಬೇಕೋ ಮಾರಾಯಾ? ನನ್ನ ಹೆಣ್ತಿ ಒಂದ ಏಟಿಗೆ ಕಿತ್ಯಾಳ, ನೋಡು.” ಬಾಯಿ ತೆರೆದು ತೋರಿಸಿಯೂ ತೋರಿಸಿದ.

ಆಸೆ ಹುಟ್ಟಿದ್ದು ಕಾಲೇಜಿನಲ್ಲಿ. ಮೊದಲ ವರ್ಷ ನಿಮಗೆ ನಿಜವಾದ ಹಲ್ಲು ಮುಟ್ಟಲು ಕೊಡುವುದಿಲ್ಲ. ಮೇಣದ ಗಟ್ಟಿಯಲ್ಲಿ ಹಲ್ಲು ಕೆತ್ತಿಸುತ್ತಾರೆ, ಬೆರಳು ಬೊಬ್ಬೆ ಏಳುವವರೆಗೆ. ಆಮೇಲೆ ಒಂದು ದಿನ ಸುರುಳಿಯಿಂದ ಒಂದು ಗೇಣು ತಂತಿ ಕತ್ತರಿಸಿ ಕೊಟ್ಟು, ಇಕ್ಕಳವಿಲ್ಲದೆ ಬರಿಗೈಯಲ್ಲಿ ಸರಳ ರೇಖೆ ಮಾಡಿ ಎನ್ನುತ್ತಾರೆ. ಗಾಜಿನ ಹಲಗೆಯ ಮೇಲೆ ಇಟ್ಟರೆ ಅದು ಅಲುಗದೆ ಮಲಗಬೇಕು. ಶ್ರೀಮಂತರ ಮಕ್ಕಳು ಅತ್ತದ್ದನ್ನು ನಾನು ಅವತ್ತು ನೋಡಿದೆ. ನನ್ನ ತಂತಿ ಮೊದಲ ಸಲಕ್ಕೇ ಮಲಗಿತು. ಆ ಕ್ಷಣವೇ ನನಗೆ ಈ ವಿದ್ಯೆ ನನ್ನದು ಅನ್ನಿಸಿತು. ವಿಭಾಗ ಆರಿಸುವಾಗ ಯಾವುದರಲ್ಲಿ ಸಂಪಾದನೆ ಎಂದು ಕೇಳುತ್ತೀರಲ್ಲ, ನಿಮ್ಮ ಕೈಯನ್ನು ಕೇಳಿ. ಅದು ಸುಳ್ಳು ಹೇಳುವುದಿಲ್ಲ. ಸುಳ್ಳು ಹೇಳುವವರು ಬೇರೆ ಇರುತ್ತಾರೆ.

ಆಗ ಸ್ನಾತಕೋತ್ತರಕ್ಕೆ ಸಂದರ್ಶನ ಇತ್ತು. ಐದು ವರ್ಷದಲ್ಲಿ ಮೂರು ಸಲ ಹೋದೆ. ಮೊದಲ ಸಲ ಒಬ್ಬ ಪ್ರೊಫೆಸರು ಕೇಳಿದರು: “ನಿಮ್ಮ ಕಡೆ ಊಟಕ್ಕೇ ಕಷ್ಟ ಅಂತಾರೆ, ಅಲ್ಲಿ ಹಲ್ಲು ನೆಟ್ಟಗೆ ಮಾಡಿಸ್ಕೊಳ್ಳೋರು ಯಾರಮ್ಮಾ?” ಎರಡನೆಯ ಸಲ ತಂತಿ ಕೊಟ್ಟು ಕೊಕ್ಕೆ ಮಾಡಿಸಿದರು. ಮಾಡಿದ್ದನ್ನು ಮೂವರು ಪ್ರೊಫೆಸರುಗಳು ಕೈಯಿಂದ ಕೈಗೆ ದಾಟಿಸಿ ನೋಡಿ ತಲೆದೂಗಿದರು. ಆಮೇಲೆ ನಡುವಿನವರು ಕೇಳಿದರು, “ಮದುವೆ ಗೊತ್ತಾಗಿದೆಯಾ?” ನಾನು ಹೌದು ಎಂದೆ. ಅವರು ಆ ಕೊಕ್ಕೆಯನ್ನು ಮೇಜಿನ ಖಾನೆಗೆ ಹಾಕಿ, ಮುಂದಿನವರನ್ನು ಕರೆಯಿರಿ ಎಂದರು. ಮೂರನೆಯ ಸಲ ಮಗುವನ್ನು ಎತ್ತಿಕೊಂಡು ಹೋಗಿದ್ದೆ. ಸಂಜೆಯವರೆಗೆ ಹೊರಗಿನ ಬೆಂಚಿನ ಮೇಲೆ ಕೂತೆ. ನನ್ನ ಹೆಸರು ಕೂಗಲೇ ಇಲ್ಲ. ಕೇಳಿದರೆ, ಕೂಗಿದ್ದೆವು, ಮಗು ಅಳುತ್ತಿತ್ತು, ನಿಮಗೆ ಕೇಳಿಸಿಲ್ಲ ಎಂದರು. ಮಗು ನಿದ್ದೆಯಲ್ಲಿತ್ತು.

ಹೀಗೆ ಸರ್ಕಾರಿ ಸೇವೆಗೆ ಬಂದೆ. ಸರ್ಕಾರಿ ದವಾಖಾನೆಯಲ್ಲಿ ಹಲ್ಲಿನ ಡಾಕ್ಟರೆಂದರೆ ಮದುವೆಗೆ ಬಂದ ದೂರದ ನೆಂಟ. ಊಟಕ್ಕೆ ಎಬ್ಬಿಸಿದರೆ ಏಳಬೇಕು, ಇಲ್ಲದಿದ್ದರೆ ಮೂಲೆಯಲ್ಲಿ ಕೂರಬೇಕು. ನನ್ನ ಮೊದಲ ಮೇಲಧಿಕಾರಿ ನನ್ನನ್ನು ‘ಹಲ್ಲಿನಕ್ಕ’ ಎಂದು ಕರೆಯುತ್ತಿದ್ದರು. ಒಂದು ಬೆಳಿಗ್ಗೆ ಹೋಗಿ ನೋಡಿದರೆ ನನ್ನ ರೋಗಿಗಳ ಕುರ್ಚಿಯ ಮೇಲೆ ಸೊಳ್ಳೆಪರದೆಯ ಗಂಟುಗಳು ಸೂರು ಮುಟ್ಟಿವೆ. “ಎರಡು ದಿನ ಇಟ್ಕೋರಿ ಹಲ್ಲಿನಕ್ಕ. ಹಂಚೋದೈತಿ,” ಎಂದರು. ಹದಿನಾಲ್ಕು ತಿಂಗಳು ಇದ್ದವು. ಅಷ್ಟೂ ದಿನ ನಾನು ಪಡಸಾಲೆಯ ಬೆಂಚಿನ ಮೇಲೆ ಹಲ್ಲು ಕಿತ್ತೆ. ಬಸಪ್ಪ ಹಿಂದಿನಿಂದ ರೋಗಿಯ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿ ಹಿಡಿಯುತ್ತಿದ್ದ. “ಅಲುಗಬ್ಯಾಡೋ ಯಪ್ಪಾ, ನನ್ನ ಹೊಟ್ಟಿಯಾಗ ನಾಷ್ಟಾ ಐತಿ.”

ನನ್ನ ತಪ್ಪುಗಳನ್ನೂ ಹೇಳಬೇಕು. ಸ್ನಾತಕೋತ್ತರ ಡಿಗ್ರಿ ಇಲ್ಲದಿದ್ದರೂ ಸಣ್ಣಪುಟ್ಟ ವಕ್ರತೆಗೆ ತಂತಿ ಕೂಡಿಸಿದ ಪ್ಲೇಟು ಮಾಡಿಕೊಡುತ್ತಿದ್ದೆ. ಕುಷ್ಟಗಿ ಕಡೆಯ ಒಂದು ಹಳ್ಳಿಯ ಹುಡುಗಿಗೆ ಮಾಡಿಕೊಟ್ಟೆ. ಊಟಕ್ಕೆ ತೆಗಿ, ಉಳಿದ ಹೊತ್ತು ಹಾಕ್ಕೋ ಎಂದು ಹುಡುಗಿಗೆ ಹೇಳಿದೆ. ಜೊತೆಗೆ ಬಂದಿದ್ದ ಅಜ್ಜಿಗೆ ಏನೂ ಹೇಳಲಿಲ್ಲ. ಆರು ತಿಂಗಳ ಮೇಲೆ ಬಂದರು. ಹಲ್ಲು ಹೇಗಿದ್ದವೋ ಹಾಗೇ ಇವೆ. ಪ್ಲೇಟು ಎಲ್ಲಿ ಎಂದರೆ ಅಜ್ಜಿ ಸೆರಗಿನ ಗಂಟು ಬಿಚ್ಚಿ, ಕಣ್ಣಿಗೆ ಒತ್ತಿಕೊಂಡು ಕೊಟ್ಟಳು. ಅದಕ್ಕೆ ಕುಂಕುಮ ಹತ್ತಿತ್ತು. ಇಂಥ ನಾಜೂಕಿನ ವಸ್ತುವನ್ನು ಹುಡುಗಿ ಕಳೆದಾಳೆಂದು ಅಜ್ಜಿ ಆರು ತಿಂಗಳೂ ದೇವರ ಜಗುಲಿಯ ಮೇಲೆ ಇಟ್ಟು ಪೂಜೆ ಮಾಡಿದ್ದಳು. “ಗುಣಾ ಆಗೇತೇನು ನೋಡ್ರಿ,” ಎಂದಳು. ಅವತ್ತಿನಿಂದ ನಾನು ಬಾಯಿ ಮಕ್ಕಳದು ನೋಡಿ, ಮಾತು ಮಾತ್ರ ಮನೆಯ ಹಿರಿಯರೊಂದಿಗೆ ಆಡುತ್ತಿದ್ದೆ.

ಇನ್ನು ರೇಣುಕಾ. ಯಲಬುರ್ಗಾದ ಆಚೆಯ ಹಳ್ಳಿಯ ಒಕ್ಕಲುತನದ ಮನೆಯ ಮಗಳು. ಆ ಸೀಮೆಯ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇದೆ. ಅದನ್ನು ಕುಡಿದು ಬೆಳೆದವರ ಹಲ್ಲಿನ ಮೇಲೆ ಕಂದು ಕಲೆ ಕೂರುತ್ತದೆ, ಉಜ್ಜಿದರೆ ಹೋಗುವುದಿಲ್ಲ. ರೇಣುಕಾಳ ಮುಂದಿನ ಹಲ್ಲುಗಳೂ ಹಾಗೇ. ಹಲ್ಲಿನ ಕಾಲೇಜಿನಲ್ಲಿ ಸಹಪಾಠಿಗಳು ಅವಳಿಗೆ ‘ಬೋರ್‌ವೆಲ್’ ಎಂದು ಹೆಸರಿಟ್ಟಿದ್ದರಂತೆ. “ಕರದ್ರ ಓ ಅಂತಿದ್ದೆ ಮೇಡಂ. ಅವರ ನೋಟ್ಸು ನನಗ ಬೇಕಿದ್ವು,” ಎಂದು ನಗುತ್ತಿದ್ದಳು. ಬಾಯಿಗೆ ಕೈ ಅಡ್ಡ ಇಡದೆ ನಗುತ್ತಿದ್ದಳು.

ಅವಳು ನಮ್ಮಲ್ಲಿಗೆ ಬಂದ ವರ್ಷ ಒಂದು ಶಿಬಿರ ನಡೆಯಿತು. ದೂರದ ಊರಿಂದ ಬಂದ ಡಾಕ್ಟರುಗಳು ಹನ್ನೆರಡು ಮಕ್ಕಳ ಹಲ್ಲಿಗೆ ತಂತಿ ಹಿಡಿಯುವ ಸಣ್ಣ ಬ್ರ್ಯಾಕೆಟ್ ಅಂಟಿಸಿ, ತಂತಿ ಹಾಕಿ, ಫೋಟೋ ತೆಗೆಸಿಕೊಂಡು, ಉಳಿದ ಸಾಮಾನು ನಮಗೆ ಬಿಟ್ಟು ಹೋದರು. ಎಂಟು ದಿನದೊಳಗೆ ತಾಯಂದಿರು ಒಬ್ಬೊಬ್ಬರಾಗಿ ಬರತೊಡಗಿದರು. ಕಾಗದದ ಚೂರಿನಲ್ಲಿ, ಕಡ್ಡಿಪೆಟ್ಟಿಗೆಯಲ್ಲಿ ಉದುರಿದ ಬ್ರ್ಯಾಕೆಟ್‌ಗಳು. “ನಿಮ್ಮ ಡಾಕ್ಟರು ಹಚ್ಚಿದ್ದು ರೊಟ್ಟಿ ಕಡಿಯೂದ್ರಾಗ ಬಿದ್ದೂರಿ,” ಎಂದಳು ಒಬ್ಬಳು. ನಾನು ಮಕ್ಕಳನ್ನು ಬೈದೆ. ಗಟ್ಟಿ ರೊಟ್ಟಿ ತಿನ್ನಬೇಡಿ ಎಂದಿರಲಿಲ್ಲವೇ ಎಂದು. ಒಂದು ಹುಡುಗಿ ಅತ್ತೂಬಿಟ್ಟಳು.

ರೇಣುಕಾ ನನ್ನನ್ನು ಪಕ್ಕಕ್ಕೆ ಕರೆದಳು. “ತಪ್ಪು ಹುಡುಗ್ರುದಲ್ರಿ ಮೇಡಂ. ಅಂಟಸೂದಕ್ಕ ಮೊದಲ ಹಲ್ಲಿಗೆ ಆಸಿಡ್ ಹಚ್ಚತೀವಲ್ರಿ, ಪುಸ್ತಕದಾಗ ಅರ್ಧ ನಿಮಿಷ ಅಂತ ಐತಿ. ನಮ್ಮ ನೀರು ಕುಡದ ಹಲ್ಲಿಗೆ ಅರ್ಧ ನಿಮಿಷ ಸಾಲಂಗಿಲ್ರಿ. ಮ್ಯಾಲಿನ ಪದರ ಒರಟಾಗಂಗೇ ಇಲ್ಲ. ಹಿಡಿಬೇಕಂದ್ರ ಅಂಟು ಯಾತಕ್ಕ ಹಿಡಿಬೇಕು?”

“ನಿನಗೆಂಗ ಗೊತ್ತು?”

“ನನ್ನ ಹಲ್ಲಿಗೆ ಹಚ್ಚಿದ್ವು ಮೂರು ಸಲ ಬಿದ್ದಾವ್ರಿ.”

ಅವಳು ಮೊದಲು ಕಲೆಯ ಮೇಲ್ಪದರನ್ನು ಸ್ವಲ್ಪವೇ ಉಜ್ಜಿ, ಆಮೇಲೆ ಆಮ್ಲವನ್ನು ಪುಸ್ತಕದ ಹೊತ್ತಿಗಿಂತ ಬಹಳ ಹೆಚ್ಚು ಹಿಡಿದು, ತೊಳೆದು, ಒಣಗಿಸಿ, ಬೆಳ್ಳಗೆ ಸುಣ್ಣದಂತೆ ಕಂಡ ಮೇಲೆಯೇ ಅಂಟಿಸಿದಳು. ಹನ್ನೆರಡು ಮಕ್ಕಳಿಗೂ. ಒಂದೊಂದು ಮಗುವಿಗೆ ಅರ್ಧ ದಿನ. ನಾನು ಪಕ್ಕದಲ್ಲಿ ನಿಂತು ಹತ್ತಿ ಕೊಡುತ್ತಿದ್ದೆ. ನನಗಿಂತ ಇಪ್ಪತ್ತಾರು ವರ್ಷ ಚಿಕ್ಕವಳ ಕೈಕೆಳಗೆ ಹತ್ತಿ ಕೊಡುವಾಗ ಆದ ಸಂತೋಷ ನನಗೆ ಸೇವೆಯಲ್ಲಿ ಮತ್ತೆಂದೂ ಆಗಲಿಲ್ಲ. ಎರಡು ವರ್ಷ ಆ ಮಕ್ಕಳ ತಂತಿ ಬದಲಿಸಿದಳು. ಡಿಗ್ರಿ ಇಲ್ಲದೆ ಇದಕ್ಕಿಂತ ಮುಂದೆ ಹೋಗುವುದು ತಪ್ಪು ಎಂದು ಅವಳೇ ನಿಲ್ಲಿಸಿದಳು. ದವಡೆಯೇ ಮುಂದೆ ಬಂದ ಮಕ್ಕಳನ್ನು ಹುಬ್ಬಳ್ಳಿಗೆ ಬರೆದುಕೊಟ್ಟರೆ ಯಾರೂ ಹೋಗುತ್ತಿರಲಿಲ್ಲ. “ನಾನ ಕಲತ ಬರ್ತೀನ್ರಿ,” ಎಂದು ಪುಸ್ತಕ ಹಿಡಿದಳು. ಮೂರು ಸಲ ಪರೀಕ್ಷೆ ಬರೆದಳು. ಮೂರನೆಯ ಸಲ ರ‍್ಯಾಂಕು ಬಂತು.

ಈಗ ನಿಮಗೆ ಗೊತ್ತಾಗಿರಬೇಕು, ಆ ಎರಡು ಹಾಳೆ ಎಲ್ಲಿಂದ ಬಂದವೆಂದು.

ಐದನೆಯ ದಿನ ಉತ್ತರ ಬಂತು. ಖಾಜಾಸಾಬ ಅದನ್ನು ನನ್ನ ಮೇಜಿನ ಮೇಲೆ ಮಗುಚಿ ಇಟ್ಟು ಹೊರಗೆ ಹೋಗಿ ನಿಂತರು. ನನ್ನ ಹಾಳೆಯ ಪ್ರತಿಯಲ್ಲಿ ‘ಅವರಿಲ್ಲದೆ ಈ ವಿಭಾಗ ಒಂದು ದಿನವೂ ನಡೆಯಲಾರದು’ ಎಂಬ ಸಾಲಿನ ಕೆಳಗೆ ಕೆಂಪು ಗೆರೆ. ಜೊತೆಗೆ ಒಂದೇ ವಾಕ್ಯದ ಪತ್ರ: ಸದರಿ ವೈದ್ಯರ ಸೇವೆ ಅನಿವಾರ್ಯವೆಂದು ವಿಭಾಗದ ಮುಖ್ಯಸ್ಥರೇ ತಿಳಿಸಿರುವುದರಿಂದ ಇವರನ್ನು ಬಿಡುಗಡೆ ಮಾಡಲು ಬರುವುದಿಲ್ಲ.

ಮರುದಿನ ನಾನೂ ರೇಣುಕಾಳೂ ಬಸ್ಸು ಹತ್ತಿ ಮೇಲಿನ ಕಚೇರಿಗೆ ಹೋದೆವು. ಅಧಿಕಾರಿ ನನಗಿಂತ ಚಿಕ್ಕವರು, ಒರಟರಲ್ಲ. ಎದ್ದು ನಿಂತು ನಮಸ್ಕಾರ ಮಾಡಿದರು, ಚಹಾ ತರಿಸಿದರು. ಒರಟರಾಗಿದ್ದರೆ ಜಗಳವಾದರೂ ಆಡಬಹುದಿತ್ತು.

“ನಾ ಏನ್ ಮಾಡ್ಲಿ ಹೇಳ್ರಿ ಮೇಡಂ. ಒಂದು ದಿನಾನೂ ನಡಿಯಂಗಿಲ್ಲ ಅಂತ ನೀವ ಬರದೀರಿ. ಮೂರು ವರ್ಷ ಕಳಿಸ್ರಿ ಅಂತಾನೂ ನೀವ ಬರದೀರಿ. ಎರಡೂ ಹೆಂಗ ಕೂಡಸ್ಲಿ?”

“ಅದು ಹೊಗಳಿಕೀರಿ ಸಾಹೇಬ್ರ.”

“ಹೊಗಳಿಕಿಗೆ ನಮೂನಿಯೊಳಗ ಕಾಲಂ ಇಲ್ರಿ.”

ನಾನು ಶಿಬಿರದ ಕಥೆ ಹೇಳಿದೆ, ಹನ್ನೆರಡು ಮಕ್ಕಳ ಕಥೆ ಹೇಳಿದೆ. ಅವರು ಗಮನವಿಟ್ಟು ಕೇಳಿದರು. ಕೇಳಿದಷ್ಟೂ ಕೆಲಸ ಕೆಡುತ್ತಿತ್ತು. “ನೋಡ್ರಿ, ಇಂಥಾ ಡಾಕ್ಟರನ್ನ ನಾ ಬಿಟ್ಟೆ ಅಂದ್ರ ನಾಳೆ ಜನ ನನಗ ಏನಂತಾರ?” ಎಂದರು. ಬಾಯಿ ಮುಚ್ಚಿಕೊಳ್ಳಬೇಕಾದಾಗ ಮುಚ್ಚಿಕೊಳ್ಳುವ ವಿದ್ಯೆಯನ್ನು ಗೌರಜ್ಜಿ ನನಗೆ ಕಲಿಸಿರಲಿಲ್ಲ.

ಕೊನೆಗೆ ಅವರೇ ದಾರಿ ಹೇಳಿದರು. ಇನ್ನೊಂದು ಪತ್ರ ಬರೆದುಕೊಡಿ. ಮೊದಲಿನದು ಅಚಾತುರ್ಯದಿಂದ ಬರೆದದ್ದು, ಇವರ ಸೇವೆ ಸಾಧಾರಣ, ಇವರಿಲ್ಲದೆಯೂ ಕೆಲಸ ನಡೆಯುತ್ತದೆ ಎಂದು ಬರೆಯಿರಿ. ನೋಡೋಣ.

ಪಡಸಾಲೆಯಲ್ಲಿ ಒಂದು ಮುರುಕು ಮೇಜಿನ ಮೇಲೆ ಬಿಳಿ ಹಾಳೆ ಇಟ್ಟುಕೊಂಡು ಕೂತೆ. ‘ಡಾ. ರೇಣುಕಾ ಅವರ ಸೇವೆ’ ಎಂದು ಬರೆದು ಪೆನ್ನು ನಿಂತಿತು. ಮುಂದಿನ ಪದ ಬರಲೊಲ್ಲದು. ರೇಣುಕಾ ಪಕ್ಕದಲ್ಲೇ ಕೂತಿದ್ದಳು.

“‘ಸಾಧಾರಣ’ ಅಂತ ಬರೀರಿ ಮೇಡಂ,” ಎಂದಳು. “ಬೋರ್‌ವೆಲ್ ಅನಿಸ್ಕೊಂಡಾಕಿಗೆ ಸಾಧಾರಣ ಅಂದ್ರ ಏನು ಆಗ್ತತಿ? ಬರೀರಿ, ನಾಕರ ಬಸ್ಸಿಗಿ ಹೋಗೂಣು.”

ಅವಳು ಹೇಳಿದಳು, ನಾನು ಬರೆದೆ. ತನ್ನ ಬಗ್ಗೆ ತಾನೇ ಹಾಗೆ ಹೇಳಿಕೊಡುವಾಗ ಅವಳು ಒಂದು ಕಾಗುಣಿತದ ತಪ್ಪನ್ನೂ ತಿದ್ದಿದಳು. ಈ ಸಲ ನಾಲ್ಕೇ ಸಾಲು.

ಪತ್ರ ಕೊಟ್ಟು ಬಂದೆವು. ಎರಡು ದಿನ ಬಿಟ್ಟು ಖಾಜಾಸಾಬ ಸ್ವಂತ ರಜೆ ಹಾಕಿ ಕಚೇರಿಗೆ ಹೋಗಿ ಬಂದರು. ಮುಖ ನೋಡಿಯೇ ಗೊತ್ತಾಯಿತು. “ಒಬ್ಬರದ ಸಹಿ, ಎರಡು ಮಾತು ಅಂತ ಫೈಲು ಇನ್ನೂ ಮ್ಯಾಲಕ್ಕ ಕಳಿಸ್ಯಾರ್ರಿ. ಯಾವ್ದು ಖರೆ ಅಂತ ಸ್ಪಷ್ಟೀಕರಣ ಬೇಕಂತ.” ಮೇಲಕ್ಕೆ ಹೋದ ಫೈಲು ಯಾವ ದಿನ ಕೆಳಗಿಳಿಯುತ್ತದೋ ಅವರಿಗೂ ಗೊತ್ತಿರಲಿಲ್ಲ.

ತಪಾಸಣೆಯ ದಿನ ರೇಣುಕಾ ಬೆಂಗಳೂರಿಗೆ ಹೋದಳು. ಉಳಿದೆಲ್ಲ ದಾಖಲೆಗಳಿದ್ದವು: ಗ್ರಾಮೀಣ ಅಭ್ಯಾಸದ್ದು, ಕನ್ನಡ ಮಾಧ್ಯಮದ್ದು, ನಮ್ಮ ಸೀಮೆಯವರ ಮೀಸಲಾತಿಯದ್ದು. ಆ ಒಂದು ಪತ್ರ ಇರಲಿಲ್ಲ. ಪಕ್ಕಕ್ಕೆ ನಿಲ್ಲಿ, ಇ-ಮೇಲ್ ಬಂದರೆ ಕರೆಯುತ್ತೇವೆ ಎಂದರಂತೆ. ನಾವಿಲ್ಲಿ ಕಂಪ್ಯೂಟರಿನ ಮುಂದೆ ಕೂತು ಮೇಲಿನ ಕಚೇರಿಗೆ ಫೋನು ಮಾಡುತ್ತಲೇ ಇದ್ದೆವು. ಬಸಪ್ಪ ಊಟಕ್ಕೂ ಹೋಗದೆ ಬಾಗಿಲಲ್ಲಿ ಕೂತಿದ್ದ. ಐದೂವರೆಗೆ ರೇಣುಕಾಳ ಫೋನು ಬಂತು. “ಟೇಬಲ್ ಮಡಚಾಕತ್ಯಾರ್ರಿ ಮೇಡಂ,” ಎಂದಳು. ಇನ್ನೊಮ್ಮೆ ಕಚೇರಿಗೆ ಫೋನು ಹಚ್ಚಿ ನೋಡುತ್ತೇನೆ ಎಂದೆ. “ಬಿಡ್ರಿ,” ಎಂದವಳು ಅವಳೇ.

ಆ ಸೀಟು ಬೇರೆ ಯಾರಿಗೋ ಹೋಯಿತು. ಅವರ ತಪ್ಪೇನೂ ಇಲ್ಲ.

ಮುಂದಿನದನ್ನು ನಾನು ಈವರೆಗೆ ಯಾರಿಗೂ ಹೇಳಿಲ್ಲ. ಮನೆಗೆ ಬರುವ ಹುಡುಗರಿಗೆ ಇದುವರೆಗಿನದನ್ನು ಹೇಳಿ, ಬರೆಯುವಾಗ ಹುಷಾರಾಗಿರಿ ಎಂದು ನಕ್ಕು ಕಳಿಸುತ್ತೇನೆ. ಕಥೆ ಅಲ್ಲಿಗೆ ಮುಗಿದರೆ ನಾನು ಪೆದ್ದಿ ಅನ್ನಿಸಿಕೊಳ್ಳುತ್ತೇನೆ, ಅಷ್ಟೆ. ಪೆದ್ದಿ ಅನ್ನಿಸಿಕೊಳ್ಳುವುದು ಸುಲಭ.

ತಪಾಸಣೆ ಮುಗಿದು ಒಂಬತ್ತು ದಿನಕ್ಕೆ ಸ್ಪಷ್ಟೀಕರಣ ಕೇಳುವ ಪತ್ರ ನನ್ನ ಹೆಸರಿಗೆ ಬಂತು. ಎರಡು ಪತ್ರಗಳಲ್ಲಿ ಯಾವುದು ನಿಜ, ಲಿಖಿತವಾಗಿ ತಿಳಿಸಿ. ಸೀಟು ಹೋಗಿಯಾಗಿತ್ತು. ಈಗ ನಿಜ ಹೇಳಲು ಅಡ್ಡಿ ಏನಿತ್ತು? ಮೊದಲಿನದೇ ನಿಜ ಎಂದು ಬರೆಯಬೇಕೆಂದು ಪೆನ್ನು ತೆಗೆದೆ.

ಖಾಜಾಸಾಬ ಒಳಗೆ ಬಂದು ಬಾಗಿಲು ಮುಂದೆ ಮಾಡಿದರು. “ಮೇಡಂ, ಮೊದಲಿನದು ಖರೆ ಅಂದ್ರ ಎರಡನೇದು ಸುಳ್ಳು ಬರದಂಗಾಗ್ತತಿ. ಗೊತ್ತಿದ್ದೂ ಸುಳ್ಳು ಪ್ರಮಾಣ ಮಾಡೀರಿ ಅಂತ ವಿಚಾರಣಿ ಹಚ್ಚತಾರ. ನಿಮ್ಮ ನಿವೃತ್ತಿಗಿ ಏಳು ತಿಂಗಳ ಉಳದೈತಿ. ಪಿಂಚಣಿ ಫೈಲು ನಿಲ್ತತಿ. ಎರಡನೇದು ಖರೆ ಅಂದ್ರ, ಮೊದಲಿನದು ಅಭಿಮಾನದಾಗ ಬರದದ್ದು ಅಂತ ಬಿಟ್ಟಬಿಡ್ತಾರ.”

“ರೇಣುಕಾಗ ಏನಾಗ್ತತಿ?”

“ಅಕಿ ಫೈಲಿನ್ಯಾಗ ‘ಸಾಧಾರಣ’ ಅಂತ ಉಳೀತತಿ. ಅಷ್ಟ.”

ಮೊದಲ ಸಲ ನಾನು ಅವರ ಮಾತು ಕೇಳಿರಲಿಲ್ಲ. ಈ ಸಲ ಕೇಳಿದೆ. ‘ನನ್ನ ಎರಡನೆಯ ಪತ್ರದಲ್ಲಿರುವುದೇ ಸತ್ಯ ಸಂಗತಿ’ ಎಂದು ಬರೆದು ಸಹಿ ಮಾಡಿದೆ. ರೇಣುಕಾ ಪಕ್ಕದ ಕೋಣೆಯಲ್ಲಿ ಒಂದು ಮಗುವಿನ ಹಾಲುಹಲ್ಲು ಕೀಳುತ್ತಿದ್ದಳು. ಅವಳಿಗೆ ಹೇಳಲಿಲ್ಲ.

ಏಳು ತಿಂಗಳು ಹಾಗೇ ಕಳೆದವು. ನನ್ನ ಬೀಳ್ಕೊಡುಗೆಯ ದಿನ ಎಲ್ಲರೂ ಒಳ್ಳೆಯ ಮಾತಾಡಿದರು. ರೇಣುಕಾ ಎಲ್ಲರಿಗಿಂತ ಹೆಚ್ಚು ಹೊತ್ತು ಮಾತಾಡಿದಳು. ಹೊಗಳಿಕೆ ಹೇಗಿರಬೇಕೋ ಹಾಗಿತ್ತು. ನಾನು ಹಾರದ ಹೂವು ಕೀಳುತ್ತ ಕೂತಿದ್ದೆ. ಪಿಂಚಣಿ ಒಂದು ದಿನವೂ ತಡವಾಗದೆ ಬಂತು.

ನಾನು ನಿವೃತ್ತಳಾಗಿ ಬಂದ ಮೇಲೆ ಆ ವಿಭಾಗಕ್ಕೆ ಉಳಿದವಳು ರೇಣುಕಾ ಒಬ್ಬಳೇ. ಆರು ವಾರಕ್ಕೆ ಅವಳಿಗೆ ಬೇರೆ ಕಡೆಗೆ ನಿಯೋಜನೆಯ ಆದೇಶ ಬಂತು. ಅದನ್ನು ಹಿಡಿದುಕೊಂಡು ಒಂದು ಭಾನುವಾರ ಗಂಗಾವತಿಗೆ ಬಂದಳು. ಆದೇಶದ ಮೇಲೆ ‘ಉಲ್ಲೇಖ’ ಎಂಬ ಕಡೆ ನನ್ನ ಸ್ಪಷ್ಟೀಕರಣದ ಸಂಖ್ಯೆ, ತಾರೀಖು ಇದ್ದವು. ಇವರ ಸೇವೆ ಸಾಧಾರಣವೆಂದೂ ಇವರಿಲ್ಲದೆ ವಿಭಾಗ ನಡೆಯುತ್ತದೆಂದೂ ಹಿಂದಿನ ಮುಖ್ಯಸ್ಥರು ದೃಢಪಡಿಸಿದ್ದಾರೆ ಎಂದು ಕೆಳಗೆ ಬರೆದಿತ್ತು. ರೇಣುಕಾ ಆ ಸಾಲನ್ನು ಓದಿಯೇ ಬಂದಿದ್ದಳು. ತಾರೀಖನ್ನೂ ನೋಡಿದ್ದಳು, ಸೀಟು ಹೋದ ಮೇಲಿನ ತಾರೀಖು. ನನ್ನ ಸೊಸೆ ಮಾಡಿಕೊಟ್ಟ ಚಹಾ ಕುಡಿದು, ಮೂರರ ಬಸ್ಸಿಗೆ ಹೋದಳು.

ಸೋಮವಾರ ಹೊಸ ಜಾಗದಲ್ಲಿ ಹಾಜರಾದಳು. ಅಲ್ಲಿ ಹಲ್ಲಿನ ಕುರ್ಚಿ ಇರಲಿಲ್ಲ. ಹೊರರೋಗಿಗಳ ಚೀಟಿ ಬರೆಯುವ ಮೇಜಿಗೆ ಅವಳನ್ನು ಕೂರಿಸಿದರು. ನಮ್ಮ ಕೋಣೆಗೆ ಬೀಗ ಹಾಕಿ ಬೀಗದ ಕೈಯನ್ನು ಬಸಪ್ಪ ಕಚೇರಿಗೆ ಒಪ್ಪಿಸಿದ.